ಒದ್ದೆ ತಟ್ಟಿನ ಕೆಳಗಿನ ಎಲೆ

ನಾನು ವಖಾರದ ಗೇಟು ದಾಟುವಷ್ಟರಲ್ಲಿ ಲಗಮಪ್ಪನ ಎಡಗೈ ಬೆಂದು ಹೋಗಿತ್ತು.

ಇಬ್ಬರು ಆಳುಗಳು ಅವನ ತೋಳು ಹಿಡಿದಿದ್ದರು. ಮೇಸ್ತ್ರಿ ಪರಸಪ್ಪ ಬಾಯ್ಲರಿನ ಬದಿಯ ಸಣ್ಣ ಕೊಳವೆಯನ್ನು ಬಿಚ್ಚಿ, ಬುಸುಗುಡುವ ಹಬೆಗೆ ಅವನ ಅಂಗೈಯನ್ನು ಒತ್ತಿ ಹಿಡಿದಿದ್ದ. ಲಗಮಪ್ಪನ ಬಾಯಿ ತೆರೆದೇ ಇತ್ತು, ಧ್ವನಿ ಮಾತ್ರ ಬರುತ್ತಿರಲಿಲ್ಲ. ಮುಂದೆ ಒಂದು ಡಬ್ಬಿ, ಅದರ ಮೇಲೆ ಬರೆದಿಟ್ಟ ಕಾಗದ, ಪಕ್ಕದಲ್ಲಿ ಶಾಯಿ ಹಚ್ಚಿದ ಅರಿವೆ.

"ಬಲಗೈ ಉಳಿಸೇನಿ," ಎಂದ ಪರಸಪ್ಪ. "ಹೆಬ್ಬಟ್ಟು ಒತ್ತಾಕ ಬೇಕಲ್ಲ. ಶಿದ್ಲಿಂಗಪ್ಪಗ ನಾನ ಕೊಂದೇನಿ ಅಂತ ಒತ್ತಿಬಿಡು, ನಿನ್ನ ಪಾಡಿಗೆ ನಿನ್ನ ಬಿಡತೇನಿ."

ನನಗೆ ಸಿಟ್ಟು ಬೇಗ ಬರುತ್ತದೆ. ಇಪ್ಪತ್ತು ವರ್ಷ ಚಾಕರಿ ಮಾಡಿಯೂ ಇನ್ನೂ ಹವಾಲ್ದಾರ ಸೋಮಪ್ಪನಾಗಿಯೇ ಉಳಿದಿರುವುದಕ್ಕೆ ಅದೇ ಕಾರಣ ಎಂದು ನನ್ನ ಹೆಂಡತಿ ದಿನಕ್ಕೆರಡು ಸಲ ನೆನಪಿಸುತ್ತಾಳೆ. ಆವತ್ತು ಹೆಂಡತಿಯ ನೆನಪು ಬರಲಿಲ್ಲ. ಲಾಠಿ ಎತ್ತಿ ಪರಸಪ್ಪನ ಮೊಣಕೈಗೆ ಹೊಡೆದೆ. ಎರಡನೆಯ ಏಟು ಅವನ ಕಿವಿಯ ಮೇಲೆ ಬಿತ್ತು. ಆಳುಗಳಿಬ್ಬರೂ ಲಗಮಪ್ಪನನ್ನು ಅಲ್ಲೇ ಬಿಟ್ಟು ಗೇಟಿನ ಕಡೆಗೆ ಓಡಿದರು.

"ಹವಾಲ್ದಾರ್ರ, ಕೊಲೆಗಡುಕನ ಪರ ನಿಂತ್ರಿ," ಎಂದ ಪರಸಪ್ಪ, ಕಿವಿಯಿಂದ ಇಳಿದ ರಕ್ತ ಒರೆಸಿಕೊಳ್ಳುತ್ತ. "ಮಾಲಕ ರಾವಸಾಹೇಬ್ರಿಗೆ ತಿಳಿಸತೇನಿ."

"ತಿಳಿಸು. ಕಾಗದಾನೂ ತಗೊಂಡು ಹೋಗು, ಕಿವಿಗೆ ಸುತ್ತಿಕೊಳ್ಳಾಕ ಬರತೈತಿ."

ಮೂರು ದಿನದ ಹಿಂದೆ, ಹುಕ್ಕೇರಿಯ ಈ ತಂಬಾಕಿನ ಗೋದಾಮಿನ, ನಮ್ಮ ಕಡೆಯ ಮಾತಲ್ಲಿ ವಖಾರದ, ಹಬೆಕೋಣೆಯಲ್ಲಿ, ಎಲೆಯ ಹದ ನೋಡುವ ಶಿದ್ಲಿಂಗಪ್ಪನ ಬೆಂದ ಹೆಣ ಸಿಕ್ಕಿತ್ತು. ಹಬೆಯನ್ನು ಬಿಡುವ, ನಿಲ್ಲಿಸುವ ಚಕ್ರ ತಿರುಗಿಸುವ ಕೆಲಸ ಲಗಮಪ್ಪನದು. ಹಿಂದಿನ ದಿನವೇ ಶಿದ್ಲಿಂಗಪ್ಪ ಅವನ ಕೆನ್ನೆಗೆ ಹೊಡೆದಿದ್ದ. ಊರಿಗೆ ಅಷ್ಟು ಸಾಕಾಗಿತ್ತು.

ಸಂಜೆಯ ರೈಲುಗಾಡಿಗೆ ಫೌಜದಾರರು ಗೋಕಾಕದಿಂದ ಘಟಪ್ರಭಾಕ್ಕೆ ಬಂದು, ಅಲ್ಲಿಂದ ಟಾಂಗಾ ಹಿಡಿದು ಇಲ್ಲಿಗೆ ಬರುವವರಿದ್ದರು. ಆ ಹೊತ್ತಿಗೆ ಬೇರೆ ಹೆಸರೊಂದನ್ನು ನಾನು ಅವರ ಕೈಗೆ ಕೊಡದಿದ್ದರೆ ಲಗಮಪ್ಪ ನೇಣಿಗೆ ಹೋಗುವುದು ಖಾತ್ರಿಯಿತ್ತು.

ಎಲ್ಲರನ್ನೂ ಹೊರಗೆ ಹಾಕಿ ಗೇಟಿಗೆ ನನ್ನ ಜೊತೆ ಬಂದ ಶಿಪಾಯಿಯನ್ನು ನಿಲ್ಲಿಸಿದೆ. ಮೇಸ್ತ್ರಿಯನ್ನು ವಖಾರದ ಕಟ್ಟೆಯ ಮೇಲೆ, ನನ್ನ ಕಣ್ಣಳತೆಯಲ್ಲಿ ಕೂರಿಸಿದೆ. ಲಗಮಪ್ಪನ ಕೈಗೆ ಎಣ್ಣೆ ಸುರಿದು ಅರಿವೆ ಕಟ್ಟಿದೆ. ಮತ್ತೆ ಯಾರಾದರೂ ಅವನನ್ನು ಎಳೆದೊಯ್ದಾರೆಂಬ ಭಯಕ್ಕೆ, ಅವನ ಬಲಗೈಗೆ ಬೇಡಿ ಹಾಕಿ ಬಾಯ್ಲರಿನ ಮುಂದಿನ ಕಬ್ಬಿಣದ ಕಂಬಕ್ಕೆ ಜೋಡಿಸಿದೆ. ಹಬೆಯ ಚಕ್ರ ಅವನು ಕೈ ಚಾಚಿದರೂ ಎಟುಕದಂತೆ ಎರಡು ಮೊಳ ಆಚೆಗಿತ್ತು. ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡೆ. ಬಹಳ ಜಾಣತನದ ಕೆಲಸ ಮಾಡಿದೆನೆಂದು ಆಗ ನನಗೆ ಅನಿಸಿತ್ತು.

ಲಗಮಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ನೋವಿಗೆ ಎಚ್ಚರ ತಪ್ಪಿತ್ತು.

"ಸಾಹೇಬ್ರ."

ಅವನ ಹೆಂಡತಿ ಕಾಡವ್ವ, ಹೊರಗೆ ಹೋಗದೆ ಗಂಡನ ಬಳಿಯೇ ಉಳಿದಿದ್ದಳು. ಇದೇ ವಖಾರದಲ್ಲಿ ಎಲೆ ಆರಿಸುವವಳು. ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ನಿಂತಿದ್ದಳು.

"ಒಳಗ ಬರ್ರಿ. ಮೂರು ದಿನದಿಂದ ಬಾಯಿ ಬಡಕೊಂಡೇನಿ, ನನ್ನ ಮಾತು ಒಬ್ಬರೂ ಕೇಳವಲ್ಲರು. ನೀವು ಒಮ್ಮೆ ಎಲಿ ನೋಡ್ರಿ."

"ಎಲಿ ನೋಡಿ ನಾ ಏನು ಮಾಡಲವಾ? ನನಗ ತಿನ್ನಾಕ ಬರತೈತಿ, ಅಷ್ಟ."

"ನೋಡ್ರಿ ಅಂತೇನಿ."

ಹೋದೆ.

ಹಬೆಕೋಣೆ ಕಲ್ಲಿನದು. ಕಿಟಕಿಯಿಲ್ಲ. ಒಂದೇ ದಪ್ಪ ಬಾಗಿಲು, ಅದಕ್ಕೆ ಹೊರಗಿನಿಂದ ಕಬ್ಬಿಣದ ಅಗಳಿ. ಬಾಗಿಲಿನಲ್ಲಿ ಅಂಗೈಯಗಲದ ಒಂದು ಗಾಜು. ಒಳಗೆ ನಾಲ್ಕೂ ಗೋಡೆಯ ಬುಡಕ್ಕೆ ತೂತು ಕೊರೆದ ಕೊಳವೆ ಸುತ್ತಿಬಂದಿತ್ತು, ಅದರಿಂದಲೇ ಹಬೆ ಬರಬೇಕು. ಚೈತ್ರದ ಒಣಗಾಳಿಗೆ ತಂಬಾಕಿನ ಎಲೆ ಹಪ್ಪಳವಾಗಿರುತ್ತದೆ, ಮುಟ್ಟಿದರೆ ಪುಡಿ. ಮೊದಲೆಲ್ಲ ಬೆಳಗಿನ ಇಬ್ಬನಿಗೆ ಕಾಯುತ್ತಿದ್ದರು, ಕಸಬರಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಮಾಲಕ ರಾವಸಾಹೇಬರು ಈ ವರ್ಷ ಯಂತ್ರ ತರಿಸಿದ್ದರು. ಗಾಜಿನ ಎದುರಿಗೆ ಎರಡು ಪಾದರಸದ ಕೊಳವೆ ನೇತಾಡುತ್ತಿದ್ದವು, ಒಂದರ ಬುಡಕ್ಕೆ ಒದ್ದೆ ಬತ್ತಿ.

"ಎರಡರಾಗಿನ ಪಾದರಸ ಒಂದ ಮಟ್ಟಕ್ಕ ಬಂತಂದ್ರ ಹದ ಆತು ಅಂತ ತಿಳಕೋಬೇಕು," ಎಂದಳು ಕಾಡವ್ವ. "ಆಮ್ಯಾಲ ಚಕ್ರ ಬಂದ್ ಮಾಡತಾರ. ಆಮ್ಯಾಲ ನಾವು ಒಳಗ ಬರೋದು. ಅದರ ಮೊದಲ ಯಾರೂ ಬರಂಗಿಲ್ಲ, ಯಾರೂ ಎಲಿ ಮುಟ್ಟಂಗಿಲ್ಲ. ಶಿದ್ಲಿಂಗಪ್ಪಣ್ಣಾರಂತೂ ಒಣಾ ಎಲಿ ಹತ್ತರ ಸುಳಿದವರ ಕಾಲ ಮುರಿತಿದ್ರು."

ಹೆಣ ಬಿದ್ದಿದ್ದ ಜಾಗ ನನಗೆ ಗೊತ್ತಿತ್ತು. ಪಂಚನಾಮೆ ಬರೆದವನು ನಾನೇ. ಮುಖವೆಂಬುದು ಉಳಿದಿರಲಿಲ್ಲ, ಮೈಯೆಲ್ಲ ಸುಲಿದಿತ್ತು. ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯಿಂದ ಗುರುತು ಹಿಡಿದಿದ್ದೆವು. ಶಿದ್ಲಿಂಗಪ್ಪನ ಹೆಂಡತಿ ಶಿವಗಂಗವ್ವ ಆ ಕರಡಿಗೆ ನೋಡಿದ್ದೇ ನೆಲಕ್ಕೆ ಬಿದ್ದಿದ್ದಳು. ಲಿಂಗ ಕಟ್ಟಿದವನು ಪ್ರಾಣ ಇರುವ ತನಕ ಅದನ್ನು ಮೈಯಿಂದ ಬಿಡುತ್ತಾನೆಯೇ. ಸಂಜೆಯೊಳಗೆ ಕುಳ್ಳಿರಿಸಿ ಸಮಾಧಿ ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದ್ದೆ.

ಹೆಣ ಬಿದ್ದಿದ್ದ ರಾಶಿಯ ಮುಂದೆ ಕಾಡವ್ವ ಕುಕ್ಕರಗಾಲಲ್ಲಿ ಕೂತಳು. ಮೊದಲು ಅದರ ಅಂಚಿನಿಂದ ಒಂದು ಎಲೆ ಎತ್ತಿದಳು. ಹಬೆ ಹೆಚ್ಚಾಗಿ ಕಪ್ಪಾಗಿತ್ತು, ಆದರೆ ಇಡಿಯಾಗಿ ಇತ್ತು. ಆಮೇಲೆ ನಡುವಿನಿಂದ, ಹೆಣದ ಅಡಿ ಇದ್ದ ಜಾಗದಿಂದ, ಒಂದು ಹೆಂಟೆ ಕಿತ್ತಳು. ಬೆರಳಲ್ಲಿ ಮುರಿದಳು. ಒಳಗೆಲ್ಲ ಪುಡಿ, ನಶ್ಯದಷ್ಟು ಸಣ್ಣ ಪುಡಿ.

"ತಿಳೀತೇನ್ರಿ?"

"ಇಲ್ಲ."

"ಎಲಿ ಹದಕ್ಕ ಬಂದಮ್ಯಾಲ ಅದರ ಮ್ಯಾಲ ಎಮ್ಮಿ ಮಲಗಿದ್ರೂ ಮುರಿಯಂಗಿಲ್ಲ, ಬಾಗತೈತಿ. ಇದು ಪುಡಿ ಆಗೇತಿ. ಅಂದ್ರ ಆ ಮೈ ಇಲ್ಲಿ ಬಿದ್ದಾಗ ಎಲಿ ಒಣಾ ಇತ್ತು. ಹಬಿ ಆಮ್ಯಾಲ ಬಂತು."

ಶಿದ್ಲಿಂಗಪ್ಪ ಹದ ನೋಡಲು ಬಂದಿದ್ದಾಗ ಲಗಮಪ್ಪ ಹಬೆ ಬಿಟ್ಟು ಬೇಯಿಸಿದ ಎಂಬುದು ಊರಿನ ಕತೆ. ಎಲೆ ಒಣಗಿದ್ದಾಗ ನೋಡುವುದಕ್ಕೆ ಹದವಾದರೂ ಎಲ್ಲಿತ್ತು. ಯಾರೋ ಅವನನ್ನು ಮೊದಲೇ ಕೊಂದು ಇಲ್ಲಿ ಹಾಕಿ, ಆಮೇಲೆ ಚಕ್ರ ತಿರುಗಿಸಿದ್ದರು.

"ಅದನ್ನ ನಿನ್ನ ಗಂಡನೂ ಮಾಡಿರಬಹುದಲ್ಲವಾ," ಎಂದೆ. ಕೇಳಲೇಬೇಕಾದ ಮಾತು, ಕೇಳುವಾಗ ನನಗೇ ಕೆಟ್ಟದೆನಿಸಿತು.

ಅವಳು ಸಿಟ್ಟಾಗಲಿಲ್ಲ. ಎದ್ದು, ಗೋಡೆಗೆ ಚಾಚಿದ್ದ ಅಟ್ಟಣಿಗೆಯ ಮೇಲಿನ ಹಂತಕ್ಕೆ ಕೈ ಹಾಕಿದಳು. ಅಲ್ಲಿ ಮಡಿಸಿ ಹೊದಿಸಿದ್ದ ಗೋಣಿತಟ್ಟುಗಳು ಈಗ ಒಣಗಿ ಗಡುಸಾಗಿದ್ದವು. ಒಂದನ್ನು ಎಳೆದಳು. ಕೆಳಗಿದ್ದ ಎಲೆ ಹೊಂಬಣ್ಣಕ್ಕಿತ್ತು. ಆ ಕೋಣೆಯಲ್ಲಿ ಕಪ್ಪಾಗದೆ ಉಳಿದ ಎಲೆ ಅದೊಂದೇ.

"ಇದು ಒಂದನೇ ನಂಬರ ಮಾಲ. ಹಬಿ ಜೋರ ಬಿಡೋ ಮೊದಲ ಯಾರೋ ಒದ್ದಿ ತಟ್ಟು ಹೊಚ್ಚಿ ಇದನ್ನಷ್ಟ ಉಳಿಸ್ಯಾರ. ನಮ್ಮಂವ ಬೆಂಕಿ ಮುಂದ ಕೂಡೋಂವ. ಎಲಿ ಮುಟ್ಟಾಕ ಅವಗ ಪರವಾನಗಿ ಇಲ್ಲ. ಯಾವುದು ಒಂದನೇದು, ಯಾವುದು ನಾಕನೇದು, ಅವಗ ಎಲ್ಲಾ ಒಂದ."

ಕೊಲೆ ಮಾಡುವಾಗಲೂ ಒಳ್ಳೆಯ ಎಲೆ ಹಾಳಾಗಬಾರದೆಂದು ತಟ್ಟು ಹೊದಿಸಿದವನು ಎಂಥ ಮನುಷ್ಯನಿರಬೇಕು. ಕೈ ತಾನಾಗಿಯೇ ಆ ಕೆಲಸ ಮಾಡಿರಬೇಕು, ನನ್ನಂಥವನು ಬಾಗಿಲಲ್ಲಿ ಚಪ್ಪಲಿ ಬಿಡುವಂತೆ.

"ಹಂಗ ತಟ್ಟು ಹೊಚ್ಚೋರು ಯಾರು ಇಲ್ಲಿ?"

"ಶಿದ್ಲಿಂಗಪ್ಪಣ್ಣಾರು," ಎಂದಳು ಕಾಡವ್ವ. "ಅವರೊಬ್ಬರ. ಮಂದಿನ್ನ ಬಡಿತಿದ್ರು, ಎಲೀನ್ನ ಕೂಸಿನಂಗ ಹಿಡಿತಿದ್ರು. ಬಲಗೈ ಹೆಬ್ಬಟ್ಟಿನ ಉಗುರು ಇಷ್ಟುದ್ದ ಬಿಟ್ಟಿದ್ರು, ಎಲಿ ನರಕ್ಕ ಊರಿ ಹದ ನೋಡಾಕ. ಬೆಲ್ಲದ ಬಣ್ಣಕ್ಕ ತಿರುಗಿತ್ತದು. ಪಾದರಸ ಬಂದಮ್ಯಾಲ ಆ ಉಗುರಿಗೆ ಕೆಲಸ ಇಲ್ಲಂತ ಯಂತ್ರ ಕೂಡಿಸಿದ ಫಿಟ್ಟರನ ಮ್ಯಾಲ ಹಲ್ಲು ಕಡೀತಿದ್ರು. ಆದ್ರ ಸತ್ತವರು ತಟ್ಟು ಹೊಚ್ಚತಾರೇನ್ರಿ? ಅವರ ಬಿಟ್ರ ಮಾಲಿನ ನಂಬರ ಗೊತ್ತಿದ್ದಂವ ಮೇಸ್ತ್ರಿ."

"ಖರೆ ಮಾತು," ಎಂದಿತು ಹಿಂದಿನಿಂದ ಒಂದು ಧ್ವನಿ.

ಪರಸಪ್ಪ ಒಳಗೆ ಬಂದಿದ್ದ. ಕಣ್ಣಳತೆಯಲ್ಲಿ ಕೂರಿಸಿದೆನೆಂದು ಹೇಳಿದೆನಲ್ಲ, ಆ ಕಣ್ಣು ಆಗ ಎಲೆಯ ಮೇಲಿತ್ತು. ಅವನ ಕೈಯಲ್ಲಿ ದಂಟು ಕೊಯ್ಯುವ ಕುಡಗೋಲಿತ್ತು.

"ಏ ಪರಸ್ಯಾ, ಕೆಳಗ ಒಗಿ ಅದನ್ನ."

"ಒಗಿತೇನ್ರಿ. ನೀವು ಆಕಿ ಕೈಯಾಗಿನ ತಟ್ಟು ಇಸಕೊಂಡು ನನ್ನ ಕೈಯಾಗ ಕೊಡ್ರಿ. ಇಬ್ಬರೂ ಮಾತಾಡಿದ್ದು ಇಲ್ಲೇ ಬಿಡ್ರಿ. ಆ ಬೆಂಕಿ ಮನಿಷಾ ಒಬ್ಬಂವ ಹೋದ್ರ ಊರಿಗೆ ಏನು ಲುಕ್ಸಾನ?"

"ನಂಗ ಲುಕ್ಸಾನ," ಎಂದಳು ಕಾಡವ್ವ.

ಅವನು ನನ್ನ ಕಡೆಗೆ ನೋಡುತ್ತಲೇ ಅವಳ ಮೇಲೆ ಬೀಸಿದ. ನಾನು ನಡುವೆ ತೋಳು ಕೊಟ್ಟೆ. ಕುಡಗೋಲು ಅಂಗಿ ಹರಿದು, ಮಾಂಸ ಹರಿದು, ಎಲುಬಿಗೆ ತಾಕಿದ್ದು ನನಗೇ ಕೇಳಿಸಿತು. ಲಾಠಿ ಕೈಯಿಂದ ಜಾರಿತು. ಎರಡನೆಯ ಬೀಸು ಕುತ್ತಿಗೆಗೆ ಬರುತ್ತಿತ್ತು. ನಾನು ಬಗ್ಗಿದೆ, ಅಲಗು ಅಟ್ಟಣಿಗೆಯ ಬಿದಿರಿಗೆ ಕಚ್ಚಿಕೊಂಡಿತು.

ಅವನು ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಕಾಡವ್ವ ಎರಡೂ ಕೈ ತುಂಬ ಆ ಪುಡಿ ಬಾಚಿ ಅವನ ಮುಖಕ್ಕೆ ಎರಚಿದಳು.

ತಂಬಾಕಿನ ಪುಡಿ ಕಣ್ಣಿಗೆ ಬಿದ್ದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಕಿತ್ತು ಹಾಕುವವನಂತೆ ಎರಡೂ ಕೈಯಿಂದ ಕೆರೆದುಕೊಂಡ. ಕೆಮ್ಮಿದ, ಕಾರಿಕೊಂಡ. ನಾನು ಅವನನ್ನು ಕೆಡವಿ ಎದೆಯ ಮೇಲೆ ಕೂತು, ಉಳಿದ ಒಂದು ಕೈಯಿಂದ ಹೊಡೆದೆ. ಎಷ್ಟು ಹೊಡೆದೆನೆಂದು ಲೆಕ್ಕವಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೊಡೆದೆ ಎಂಬುದು ನಿಜ. ಎರಡು ಹಲ್ಲು ನನ್ನ ಬೆರಳಿನ ಗೆಣ್ಣಿಗೆ ಚುಚ್ಚಿ ಬಂದವು. ನನ್ನ ತೋಳಿನ ರಕ್ತ ಅವನ ಮುಖದ ಮೇಲೇ ಸುರಿಯುತ್ತಿತ್ತು. ಲಗಮಪ್ಪನ ಬೆಂದ ಅಂಗೈ ಕಣ್ಣ ಮುಂದಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ.

"ಸಾಕ್ರಿ, ಸತ್ತಾನು," ಎಂದು ಕಾಡವ್ವನೇ ನನ್ನ ಹೆಗಲು ಹಿಡಿದು ಎಳೆದಳು. "ಸತ್ರ ಯಾರು ಹೇಳೋರು?"

ಅವನ ರುಮಾಲಿನಿಂದಲೇ ಅವನ ಕೈ ಕಟ್ಟಿದೆವು. ಅವಳು ತನ್ನ ಸೆರಗು ಹರಿದು ನನ್ನ ತೋಳಿಗೆ ಬಿಗಿದಳು.

"ಶಿದ್ಲಿಂಗಪ್ಪಗ ಯಾಕ ಕೊಂದಿ?" ಎಂದೆ.

ಪರಸಪ್ಪ ಕಣ್ಣು ಬಿಡಲಾಗದೆ, ರಕ್ತ ಉಗುಳುತ್ತ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

"ನಾ ಕೊಲ್ಲಿಲ್ಲ. ನಾ ಬರೂದ್ರಾಗ ಹೆಣ ಬಿದ್ದಿತ್ತು. ತಟ್ಟೂ ನಾ ಹೊಚ್ಚಿಲ್ಲ. ನಾ ಅಗಳಿ ಹಾಕಿದೆ, ಅಷ್ಟ. ಲಗಮ್ಯಾನ ತಲಿಗೆ ಕಟ್ಟೂದು ನನ್ನ ಕೆಲಸ ಇತ್ತು."

"ಮತ್ತ ಇನ್ನೇನು ಹೇಳಿದ್ರು ನಿನಗ?"

"ಫಿಟ್ಟರನ ಚೀಲಾ ಸುಡು ಅಂದಿದ್ದ. ಮರತೆ. ಅದೊಂದು ಮರತೆ."

ಯಂತ್ರ ಕೂಡಿಸಲು ಗೋಕಾಕದಿಂದ ಬಂದಿದ್ದ ಫಿಟ್ಟರ ಗುಡ್ಡಪ್ಪ ಕೊಲೆಯ ಹಿಂದಿನ ದಿನವೇ ಘಟಪ್ರಭಾಕ್ಕೆ ಹೋಗಿ ಗಾಡಿ ಹತ್ತಿದನೆಂದು ಎಲ್ಲರೂ ಹೇಳಿದ್ದರು. ಅವನ ಹತ್ಯಾರಿನ ಚೀಲ ಬಾಯ್ಲರಿನ ಪಕ್ಕದ ಗೂಟಕ್ಕೆ ನೇತಾಡುತ್ತಿದ್ದುದನ್ನು ನಾನೇ ಈ ಮೂರು ದಿನ ನೋಡಿದ್ದೆ. ಕಸುಬಿನವನು ಹತ್ಯಾರು ಬಿಟ್ಟು ಊರಿಗೆ ಹೋಗುವುದಿಲ್ಲ ಎಂಬ ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

"ಸುಡು ಅಂದಿದ್ದ ಅಂದೆಲ್ಲ, ಯಾರಂವ?"

ಪರಸಪ್ಪ ಬಾಯಿ ತೆರೆದ.

ಬಾಗಿಲು ದಡಕ್ಕನೆ ಮುಚ್ಚಿತು. ಹೊರಗೆ ಅಗಳಿ ಸರಿದ ಸದ್ದು.

ನಾನು ಹೋಗಿ ಹೆಗಲು ಕೊಟ್ಟೆ. ಬಾಗಿಲು ಅಲುಗಲಿಲ್ಲ. ಗೇಟಿನಲ್ಲಿ ಶಿಪಾಯಿ ಇದ್ದಾನೆ, ಅಂಗಳದಲ್ಲಿ ಲಗಮಪ್ಪನೊಬ್ಬನೇ ಇದ್ದಾನೆ, ಅವನೋ ಬೇಡಿಯಲ್ಲಿದ್ದಾನೆ. ಹಾಗಾದರೆ ಅಗಳಿ ಹಾಕಿದ ಕೈ ಯಾರದು? ಹೊರಗಿನಿಂದ ಯಾರೂ ಬಂದಿಲ್ಲವೆಂದರೆ, ಆ ಮನುಷ್ಯ ಮೊದಲಿನಿಂದಲೂ ವಖಾರದೊಳಗೇ, ಪೆಂಡಿಗಳ ಅಟ್ಟದ ಮೇಲೋ ಎಲ್ಲೋ, ಇದ್ದ.

ಕಾಲ ಬುಡದಲ್ಲಿ ಕೊಳವೆ ಗೊರಗೊರ ಎಂದಿತು. ಆಮೇಲೆ ನಾಲ್ಕೂ ಕಡೆಯಿಂದ ಹಬೆ ನುಗ್ಗಿತು.

ಅದು ಬಿಸಿನೀರು ಬಿದ್ದಂತಲ್ಲ. ಮೊದಲು ಕಣಕಾಲಿಗೆ ಸೂಜಿ ಚುಚ್ಚಿದಂತಾಯಿತು, ಮರುಕ್ಷಣ ಚರ್ಮವೇ ಕಳಚಿದಂತಾಯಿತು. ಕಾಡವ್ವ ಚೀರಿ ಅಟ್ಟಣಿಗೆ ಹತ್ತಿದಳು. ಕೈ ಕಟ್ಟಿಸಿಕೊಂಡ ಪರಸಪ್ಪ ಕೊಳವೆಯ ಪಕ್ಕದಲ್ಲೇ ಬಿದ್ದಿದ್ದ. ಅವನ ಬೆನ್ನು ಬೇಯುವ ವಾಸನೆ ಮೂಗಿಗೆ ಬಂತು. ಅವನು ಕೂಗಿದ ಕೂಗು ಈಗಲೂ ಒಮ್ಮೊಮ್ಮೆ ಊಟದ ನಡುವೆ ಕೇಳುತ್ತದೆ. ಕಾಲು ಹಿಡಿದು ಅವನನ್ನು ಎಳೆದೆ. ಅವನ ಬೆನ್ನಿನ ಚರ್ಮ ನೆಲಕ್ಕೇ ಅಂಟಿ ಉಳಿಯಿತು. ಅವನ ಕೂಗು ನಿಂತಿತು.

"ಇದನ್ನ ಹೊಚ್ಚಿಕೋರಿ," ಎಂದು ಕಾಡವ್ವ ಮೇಲಿನಿಂದ ತಟ್ಟುಗಳನ್ನು ಎಸೆದಳು. ಒಂದನೇ ನಂಬರ ಎಲೆಯನ್ನು ಉಳಿಸಿದ ತಟ್ಟುಗಳು. ಒಂದನ್ನು ಪರಸಪ್ಪನ ಮೇಲೆ ಹಾಕಿ, ಇನ್ನೊಂದನ್ನು ತಲೆಯ ಮೇಲೆ ಎಳೆದುಕೊಂಡು, ಲಾಠಿ ತಡಕಿ ಬಾಗಿಲಿನ ಗಾಜಿಗೆ ಹೊಡೆದೆ. ಪಕ್ಕದಲ್ಲಿ ಪಾದರಸದ ಎರಡೂ ಗೆರೆ ಒಟ್ಟಿಗೆ ಏರುತ್ತಿದ್ದವು. ಮೂರನೆಯ ಏಟಿಗೆ ಗಾಜು ಒಡೆಯಿತು.

ಆ ತೂತಿನಿಂದ ಹಬೆಯ ಚಕ್ರ ಕಾಣುವುದಿಲ್ಲ, ಅದು ಗೋಡೆಯ ಮರೆಗೆ. ಕಾಣುವುದು ಬಾಯ್ಲರಿನ ಬೆಂಕಿಯ ಬಾಯಿ ಮತ್ತು ಕಂಬ. ಕಂಬದಲ್ಲಿ ಲಗಮಪ್ಪ. ಗಲಾಟೆಗೆ ಅವನಿಗೆ ಎಚ್ಚರವಾಗಿತ್ತು.

"ಲಗಮಪ್ಪಾ, ಚಕ್ರ."

ಅವನು ಬೇಡಿ ಜಗ್ಗಿದ. ಬೆಂದ ಕೈ ಚಾಚಿದ. ಎರಡು ಮೊಳ ಕಡಿಮೆ ಬಿತ್ತು. ಆ ಎರಡು ಮೊಳ ಅಳೆದು ಅವನನ್ನು ಅಲ್ಲಿ ಕಟ್ಟಿದವನು ನಾನು.

ಕಿಸೆಯಿಂದ ಕೀಲಿಕೈ ತೆಗೆದು, ತೋಳು ತೂರಿಸಿ, ಅವನ ಕಡೆಗೆ ಎಸೆದೆ. ಅದು ನೆಲಕ್ಕೆ ಬಿದ್ದು ಉರುಳಿ ಅವನ ಕಾಲಿನಿಂದ ಗೇಣು ದೂರದಲ್ಲಿ ನಿಂತಿತು. ಲಗಮಪ್ಪ ಕಾಲು ಚಾಚಿದ. ಹೆಬ್ಬೆರಳು ಕೀಲಿಗೆ ತಾಕಿತು. ನನ್ನ ಹಿಂದೆ ಕಾಡವ್ವ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು.

ಆಗ ಮರೆಯಿಂದ ಒಂದು ಕೈ ಬಂದು ಕೀಲಿಕೈಯನ್ನು ಎತ್ತಿಕೊಂಡಿತು.

ಅವಸರವಿಲ್ಲದ ಕೈ. ಹೆಬ್ಬಟ್ಟಿನ ಉಗುರು ಎರಡು ಬೆರಳಿನಷ್ಟು ಉದ್ದ, ಬೆಲ್ಲದ ಬಣ್ಣದ್ದು.

ಪಂಚನಾಮೆಯಲ್ಲಿ ನಾನು ಬರೆದದ್ದು ನೆನಪಾಯಿತು: ಹೆಣದ ಹತ್ತೂ ಬೆರಳಿನ ಉಗುರು ಕತ್ತರಿಸಿದ್ದು, ಮೊಂಡ. ಬರೆದು, ಓದಿ, ಸಹಿ ಹಾಕಿದ್ದೆ. ಕೊರಳಲ್ಲಿ ಕರಡಿಗೆ ಇದ್ದುದರಿಂದ ಬೆರಳು ಯಾರಿಗೂ ಬೇಕಾಗಿರಲಿಲ್ಲ. ನಾನು ಮಣ್ಣು ಹಾಕಿದ್ದು ಫಿಟ್ಟರ ಗುಡ್ಡಪ್ಪನ ತಲೆಯ ಮೇಲೆ.

ಶಿದ್ಲಿಂಗಪ್ಪ ನೆಟ್ಟಗಾಗಿ ನಿಂತ. ಅವನ ಕೊರಳು ಬೋಳಾಗಿತ್ತು, ಕರಡಿಗೆಯನ್ನು ಗುಡ್ಡಪ್ಪನ ಕೊರಳಿಗೆ ಕಟ್ಟಿ ತಾನೇ ಸತ್ತವನಾಗಿದ್ದ. ಒಡೆದ ಗಾಜಿನ ಕಡೆಗೆ ಒಮ್ಮೆ ನೋಡಿದ, ಎಲೆಯನ್ನು ನೋಡುವಂತೆ, ಹದ ಬಂತೋ ಇಲ್ಲವೋ ಎಂದು.

ಲಗಮಪ್ಪ ತನ್ನನ್ನು ನೇಣಿಗೆ ಕಳಿಸಲಿದ್ದ ಸತ್ತ ಮನುಷ್ಯನ ಮುಂದೆ ಬೆಂದ ಕೈಯನ್ನೂ ಬೇಡಿಯ ಕೈಯನ್ನೂ ಸೇರಿಸಿ ಮುಗಿದ.

"ಅಣ್ಣಾರ, ನಿಮ್ಮನ್ನ ನಾನ ಕೊಂದೇನಿ ಅಂತ ಹೆಬ್ಬಟ್ಟು ಒತ್ತತೇನ್ರಿ. ಚಾವಿ ಕೊಡ್ರಿ. ಒಳಗ ನನ್ನ ಹೇಣ್ತಿ ಅದಾಳ."

ಶಿದ್ಲಿಂಗಪ್ಪ ಬಗ್ಗಿ, ಬಾಯ್ಲರಿನ ಬೆಂಕಿಯ ಬಾಯಿ ತೆರೆದು, ಕೀಲಿಕೈಯನ್ನು ಅದರೊಳಗೆ ಹಾಕಿದ.